ಗೊನೆ ಹೊತ್ತ ಗರಿಗೆ ಮಚ್ಚು ಬೇಡ

ಬೇಸಿಗೆ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಲ್ಲಿ ಕಪ್ಪುತಲೆ ಹುಳುವಿನ ಕಾಟ ಶುರು. ದೂರದಿಂದ ಕಾಣುವುದು ಬೆಂಕಿಯ ಝಳ ಹೊಡೆದಂತೆ ಸುಟ್ಟ ಕೆಳಗರಿಗಳು. ಒಂದು ಗರಿ ಇಳಿಸಿ ಎಲೆ ಮಗುಚಿದರೆ, ಅಡಿಯಲ್ಲಿ ನೂಲಿಗೆ ಹಿಕ್ಕೆ ಮೆತ್ತಿ ಕಟ್ಟಿಕೊಂಡ ಸುರಂಗ, ಅದರೊಳಗೆ ಹಸಿರು ಕೆರೆದು ತಿನ್ನುತ್ತಿರುವ ಹುಳು. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಗರಿ ಕಡಿದು ಸುಡಿ. ಶಿಫಾರಸಿನಲ್ಲಿರುವುದು ತೀರಾ ಹಾಳಾದ ಕೆಳಗಿನ ಎರಡು ಮೂರು ಗರಿ. ಎಷ್ಟೋ ತೋಟಗಳಲ್ಲಿ ನಡೆಯುವುದು ಸುಳಿಯ ಸುತ್ತ ಒಂದಿಷ್ಟು ಬಿಟ್ಟು ಮರವನ್ನೇ ಬೋಳಿಸುವ ಕೆಲಸ. ಕಂಕುಳಲ್ಲಿ ಹೊಂಬಾಳೆಯನ್ನೋ ಗೊನೆಯನ್ನೋ ಹೊತ್ತ ಹಸಿರು ಗರಿಗೆ ಹುಳುವಿನ ಹೆಸರಿನಲ್ಲೂ ಮಚ್ಚು ಹಾಕಬಾರದೆಂಬುದು ನನ್ನ ವಾದ.

ತೆಂಗಿನ ಲೆಕ್ಕ ಸರಳ. ಆರೋಗ್ಯವಾಗಿರುವ ಮರದ ತಲೆಯಲ್ಲಿ 30ರಿಂದ 40 ಗರಿ; ವರ್ಷಕ್ಕೆ ಹೊಸದಾಗಿ ಬಿಚ್ಚುವುದು ಹನ್ನೆರಡರ ಆಸುಪಾಸು; ಪ್ರತಿ ಗರಿಯ ಕಂಕುಳಿಗೆ ಒಂದು ಹೊಂಬಾಳೆ. ಆ ಹೊಂಬಾಳೆಯ ಮೊಳಕೆ ಸುಳಿಯೊಳಗೆ ಮೂಡುವುದು ಅದು ಬಿರಿಯುವುದಕ್ಕೆ ಎರಡೂವರೆ ವರ್ಷಕ್ಕೂ ಮುಂಚೆ. ಬಿರಿದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ. ನಮ್ಮ ಸೀಮೆಯಲ್ಲಿ ಅಷ್ಟಕ್ಕೂ ಮುಗಿಯದು, ಉಂಡೆ ಕೊಬ್ಬರಿಯಾಗಲು ಕಾಯಿ ಅಟ್ಟದ ಮೇಲೆ ಮತ್ತೆ ಎಂಟು ಹತ್ತು ತಿಂಗಳು ಕೂರಬೇಕು. ಎಂದರೆ ಇವತ್ತು ಹಸಿರು ಗರಿ ಕಳೆದುಕೊಂಡ ಹೊಂಬಾಳೆ ಹರಳು ಉದುರಿಸಿದರೆ, ಆ ನಷ್ಟ ಮಂಡಿಯಲ್ಲಿ ಗೊತ್ತಾಗುವುದು ಸುಮಾರು ಎರಡು ವರ್ಷದ ಮೇಲೆ. ಅಷ್ಟು ಹೊತ್ತಿಗೆ ಬೈಸಿಕೊಳ್ಳಲು ಮಳೆಯಿದೆ, ನುಸಿಯಿದೆ, ಬೋರ್‌ವೆಲ್ಲಿದೆ. ಮಚ್ಚಿನ ನೆನಪು ಯಾರಿಗೂ ಇರುವುದಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆಯಿದ್ದರೂ ಮಾರುಕಟ್ಟೆ ಅದಕ್ಕಿಂತ ಕೆಳಗೇ ತೆವಳುತ್ತಿತ್ತು. ಆಗ ಮರ ಬೋಳಿಸಿದ್ದರೆ ಅದರ ಬಾಕಿ ವಸೂಲಾಗುವುದು 2025ರಲ್ಲಿ, ಬೆಲೆ 20,000 ದಾಟಿದ ಹೊತ್ತಿಗೆ.

ದ್ರಾಕ್ಷಿಯಲ್ಲಿ ಗೊಂಚಲಿನ ಸುತ್ತ ಎಲೆ ತೆಗೆಯುತ್ತಾರೆ, ಹಿಪ್ಪುನೇರಳೆಯನ್ನಂತೂ ಬುಡದವರೆಗೂ ಕೊಯ್ಯುತ್ತಾರೆ, ತೆಂಗಿಗೇನು ವಿಶೇಷ ಎಂದು ಕೇಳುವವರಿದ್ದಾರೆ. ಅವುಗಳಿಗೆ ಗೆಣ್ಣು ಗೆಣ್ಣಿಗೂ ಮೊಗ್ಗು. ಒಂದು ಹೋದರೆ ನಾಲ್ಕು ಚಿಗುರುತ್ತವೆ. ತೆಂಗಿಗಿರುವುದು ಒಂದೇ ಸುಳಿ. ಹತ್ತು ಗರಿ ಒಂದು ಮಧ್ಯಾಹ್ನದಲ್ಲಿ ಇಳಿದಾವು, ಅಷ್ಟನ್ನು ಮತ್ತೆ ಬಿಡಲು ಮರಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ಹಳೇ ಗರಿ ಸುಮ್ಮನೆ ತಿನ್ನುತ್ತದೆ ಎಂಬ ಮಾತೂ ತಪ್ಪು. ಹಣ್ಣಾಗುವ ಮುನ್ನ ಅದು ತನ್ನಲ್ಲಿರುವ ಪೊಟ್ಯಾಷ್, ಸಾರಜನಕವನ್ನು ಮೇಲಿನ ಗರಿಗೂ ಕಾಯಿಗೂ ದಾಟಿಸುತ್ತದೆ. ಪೊಟ್ಯಾಷ್ ಚೀಲಕ್ಕೆ ದುಡ್ಡು ಸುರಿದು, ಹಸಿರು ಗರಿಯನ್ನು ಬೇಲಿಯಾಚೆ ಎಸೆಯುವುದು ಯಾವ ಬೇಸಾಯ? ಜೊತೆಗೆ ಗೊನೆಯ ಭಾರ ಹೊರುವುದೂ ಅದೇ ಗರಿಯ ಬುಡ. ಅದು ಹೋದರೆ ಉದ್ದ ತೊಟ್ಟಿನ ಗೊನೆ ಬಾಗಿ ಮುರಿಯುತ್ತದೆ. ಅಂತರ ಬೆಳೆಗೆ ಬೆಳಕು ಬೇಕು ಎನ್ನುವವರ ವಾದದಲ್ಲಿ ಹುರುಳಿದೆ, ಒಪ್ಪುತ್ತೇನೆ. ಫಿಲಿಪೈನ್ಸ್‌ನಲ್ಲಿ ಇದಕ್ಕೆಂದೇ ಕೆಳಗರಿ ಕಡಿಯುವ ಪದ್ಧತಿಯಿದೆ. ಆದರೆ ಅಲ್ಲೂ ಮೇಲಿನ ಸುಮಾರು ಇಪ್ಪತ್ತು ಗರಿ ಮುಟ್ಟುವಂತಿಲ್ಲ, ಮೇಲಾಗಿ ಅಲ್ಲಿನ ಮಳೆ ನಮ್ಮದಕ್ಕಿಂತ ಎರಡು ಮೂರು ಪಟ್ಟು. ಬಲಿತ ಗೊನೆಗಿಂತ ಕೆಳಗೆ ಜೋತುಬಿದ್ದ ಬರಿಗಂಕುಳಿನ ಗರಿಗಳನ್ನು ಬೇಕಾದರೆ ತೆಗೆಯಲಿ, ಬಾಳೆಗೆ ಅಷ್ಟು ಬೆಳಕು ಸಾಕು.

ಗಟ್ಟಿ ಆಕ್ಷೇಪ ಹುಳುವಿನದೇ. ಸುಡದಿದ್ದರೆ ಅದು ಮೇಲೇರುವುದಿಲ್ಲವೇ? ಏರುತ್ತದೆ. ಹಸಿರೆಲ್ಲ ಕೆರೆದು ಕಾಗದದಂತಾದ ಗರಿ ಮರಕ್ಕೆ ಯಾವ ಉಪಕಾರವನ್ನೂ ಮಾಡದು, ಅದನ್ನು ಇಳಿಸಿ ಸುಡುವುದೇ ಸರಿ. ಅರ್ಧಕ್ಕರ್ಧ ಹಸಿರಿರುವ ಗರಿಯ ಕಥೆ ಬೇರೆ. ತೋಟಗಾರಿಕೆ ಇಲಾಖೆ ತನ್ನ ಪ್ರಯೋಗಾಲಯಗಳಲ್ಲಿ ಸಾಕಿ ಬಿಡುವ ಗೋನಿಯೋಜಸ್ ಎಂಬ ಪುಟ್ಟ ಕಣಜ ಅದೇ ಸುರಂಗಕ್ಕೆ ನುಗ್ಗಿ, ಹುಳುವಿಗೆ ಕುಟುಕಿ, ಅದರ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿಗಳು ಗೂಡು ಕಟ್ಟುವುದೂ ಅಲ್ಲಿಯೇ. ಕಣಜ ಬಿಟ್ಟ ಮೇಲೆ ಗರಿ ಸುಟ್ಟರೆ ಶತ್ರುವಿನೊಡನೆ ನೆಂಟನೂ ಬೂದಿ. ಆದ್ದರಿಂದ ಒಣಗಿದ್ದನ್ನು ಸುಡುವ ಕೆಲಸ ಮೊದಲು ಮುಗಿಯಬೇಕು, ಕಣಜ ಆಮೇಲೆ ಬರಬೇಕು. ಅದೂ ಊರಿನ ತೋಟಗಳಿಗೆಲ್ಲ ಒಟ್ಟಿಗೆ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಕಾಣಿಸಿಕೊಂಡು ಇತ್ತ ಹಬ್ಬಿದ ಬಿಳಿನೊಣದ ವಿಷಯದಲ್ಲಂತೂ ಪಾಠ ಇನ್ನೂ ಸ್ಪಷ್ಟ: ಅದನ್ನು ತಿನ್ನುವ ಎನ್‌ಕಾರ್ಸಿಯಾ ಎಂಬ ಕಣಜವಿರುವ ಎಲೆತುಂಡುಗಳನ್ನು ಕತ್ತರಿಸಿ ಬೇರೆ ತೋಟಗಳಿಗೆ ಒಯ್ದು ಕಟ್ಟಿ ಎಂಬುದೇ ವಿಜ್ಞಾನಿಗಳ ಸಲಹೆ. ಅಲ್ಲಿ ಗರಿ ಸುಡುವುದೆಂದರೆ ಔಷಧವನ್ನೇ ಸುಟ್ಟಂತೆ.

ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬರುತ್ತದೆಂಬುದು ಹೊಸ ವಿಷಯವೇನಲ್ಲ. ಹಸಿ ಗರಿ ಕಡಿಯಲೇಬೇಕಾದರೆ ಬುಡದಿಂದ ನಾಲ್ಕು ಅಡಿ ತುಂಡು ಬಿಡಬೇಕು ಎನ್ನುವುದು ಅದಕ್ಕೇ. ನಮ್ಮಲ್ಲಿ ಕಾಂಡಕ್ಕೆ ಒತ್ತಿ ನುಣ್ಣಗೆ ಸವರಿದವನೇ ಜಾಣ! ವಿದ್ಯುತ್ ತಂತಿಯ ಕೆಳಗಿನ ಮರಗಳ ಪಾಡು ಇನ್ನೂ ಅನ್ಯಾಯದ್ದು, ಅದಕ್ಕೆ ಪರಿಹಾರ ತಂತಿ ಸರಿಸುವುದು. ಮರ ಹತ್ತುವವರನ್ನು ದೂರಿ ಫಲವಿಲ್ಲ. ಜನ ಸಿಗುವುದೇ ಕಷ್ಟವಾದಾಗ, ಬಂದವರು ದಾರಿ ಮಾಡಿಕೊಂಡು ಬೇಗ ಇಳಿಯಲು ನೋಡುವುದು ಸಹಜ. ಮರಕ್ಕಿಷ್ಟು ಎಂದು ಕೂಲಿ ಮಾತಾಡುವಾಗಲೇ ಯಾವ ಗೊನೆಯ ಕೆಳಗೆ ಮಚ್ಚು ಆಡಬೇಕೆಂದು ಹೇಳುವ ಹೊಣೆ ತೋಟದವರದು. ಕೃಷಿ ವಿಜ್ಞಾನ ಕೇಂದ್ರವಿರುವುದು ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲೇ. ‘ಬಾಧಿತ ಗರಿ ಕಡಿದು ಸುಡಿ’ ಎಂಬ ಒಂದು ಸಾಲಿನ ಕರಪತ್ರದ ಬದಲು, ಕಡಿಯಬಹುದಾದ ಗರಿ ಯಾವುದು, ಕೂಡದ್ದು ಯಾವುದು ಎಂದು ಮರದ ಚಿತ್ರ ಬರೆದು, ಜನವರಿಗೆ ಮುಂಚೆಯೇ ಪ್ರತಿ ಪಂಚಾಯಿತಿಗೂ ಮುಟ್ಟಿಸಲು ಅಡ್ಡಿಯೇನಿದೆ?