ಜಾಲಗಳು ಕೂಡಿದರಷ್ಟೇ ಸಾಲದು

ಒಂದು ಕಚೇರಿಯಲ್ಲಿ ಹತ್ತು ಗಣಕಯಂತ್ರಗಳಿದ್ದರೂ ಮುದ್ರಕ ಒಂದೇ ಸಾಕು. ಎಲ್ಲವನ್ನೂ ಒಂದು ಜಾಲದಲ್ಲಿ ಹೆಣೆದರೆ ಅದೇ ಮುದ್ರಕವನ್ನೂ ಅವೇ ಕಡತಗಳನ್ನೂ ಎಲ್ಲರೂ ಬಳಸಬಹುದು. ಪಕ್ಕದ ಕಚೇರಿಯ ಜಾಲವನ್ನು ಇದಕ್ಕೆ ಕೂಡಿಸಲು ನಡುವೆ ರೂಟರ್ ಎಂಬ ಸಾಧನ ಬೇಕು. ಅದು ದಾರಿಯನ್ನಷ್ಟೇ ತೋರಿಸುತ್ತದೆ. ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ಮನುಷ್ಯನೇ ನಿಶ್ಚಯಿಸಬೇಕು. ನನ್ನ ಮಾತು ಈ ಎರಡನೆಯ ಸಂಗತಿಯನ್ನು ಕುರಿತದ್ದು.

ಮಂಡ್ಯ, ಮದ್ದೂರು, ಮಳವಳ್ಳಿಗಳ ರೈತನಿಗೆ ಇದು ದೂರದ ವಿಷಯವಲ್ಲ. 2000ರ ದಶಕದ ಆರಂಭದಲ್ಲಿ 'ಭೂಮಿ' ಯೋಜನೆಯು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರತೊಡಗಿತು. ನೋಂದಣಿ ಇಲಾಖೆಗೆ 'ಕಾವೇರಿ' ಎಂಬ ಬೇರೆಯೇ ತಂತ್ರಾಂಶ ಬಂದಿತು. ಆದರೆ ಇವೆರಡೂ ಮಾತುಕತೆಯಿಲ್ಲದ ನೆರೆಮನೆಗಳಂತಿದ್ದವು. ಕ್ರಯಪತ್ರ ನೋಂದಣಿಯಾದ ಸುದ್ದಿಯು ಜೆ-ಸ್ಲಿಪ್ ಎಂಬ ಕಾಗದದ ರೂಪದಲ್ಲಿ ತಾಲ್ಲೂಕು ಕಚೇರಿಯನ್ನು ತಲುಪಿದ ಮೇಲೆಯೇ ಖಾತೆ ಬದಲಾವಣೆಯ ಮಾತು. ಎರಡು ಕಚೇರಿಗಳ ನಡುವೆ ವಿಚಾರಿಸುತ್ತ ಅಲೆಯುವ ರೈತನ ಕಾಲುಗಳೇ ಅಂದಿನ ತಂತಿ! ಮುಂದೆ ಭೂಮಿ-ಕಾವೇರಿಗಳ ಜೋಡಣೆಯಾಗಿ ಆ ಕೆಲಸವನ್ನು ಜಾಲವೇ ವಹಿಸಿಕೊಂಡಿತು.

ಹಳೆಯ ಕೈಬರಹದ ಪುಸ್ತಕವೇ ಲೇಸೆನ್ನುವವರ ಮಾತನ್ನು ನಾನು ಒಪ್ಪಲಾರೆ. ಒಬ್ಬರ ಬೀರುವಿನಲ್ಲಿ ಬೀಗ ಹಾಕಿಸಿಕೊಂಡ ದಾಖಲೆಗಿಂತ ಹತ್ತು ಜನ ನೋಡಬಲ್ಲ ದಾಖಲೆ ಮೇಲು. ಆದರೆ ಹಂಚಿಕೆಗೆ ಇನ್ನೊಂದು ಮುಖವೂ ಇದೆ. ಹಿಂದೆ ಹೆಸರಿನ ಒಂದಕ್ಷರ ತಪ್ಪಿದರೆ ಅದು ಒಂದು ಪುಸ್ತಕದ ತಪ್ಪಾಗಿತ್ತು. ಈಗ ಬೆಂಬಲ ಬೆಲೆಗೆ ಭತ್ತ, ರಾಗಿ ಮಾರಲು ಬೇಕಾದ 'ಫ್ರೂಟ್ಸ್' ಗುರುತಿನ ಸಂಖ್ಯೆಯೂ ಭೂಮಿಯ ದಾಖಲೆಯನ್ನೇ ಆಧರಿಸಿದೆ. ಹೀಗಾಗಿ ಪಹಣಿಯ ತಪ್ಪು ರೈತನಿಗಿಂತ ಮೊದಲೇ ಖರೀದಿ ಕೇಂದ್ರವನ್ನು ತಲುಪಿ ಅವನನ್ನು ಕಾದಿರುತ್ತದೆ. ಅದನ್ನು ತಿದ್ದಿಸಲು ಮಾತ್ರ ಅವನು ಮತ್ತೆ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಬೇಕು. ಅಷ್ಟರಲ್ಲಿ ಖರೀದಿಯ ಅವಧಿ ಮುಗಿದರೆ ಧಾನ್ಯ ಸಿಕ್ಕ ಬೆಲೆಗೆ ದಲ್ಲಾಳಿಯ ಪಾಲು.

ತಿದ್ದುವ ಅಧಿಕಾರ ಕಂದಾಯ ಇಲಾಖೆಯಲ್ಲೇ ಉಳಿಯಲಿ, ಅದು ಸರಿ. ಎಲ್ಲರೂ ಗೀಚಬಹುದಾದ ಕರಿಹಲಗೆಯನ್ನು ಯಾರೂ ನಂಬುವುದಿಲ್ಲ. ಆದರೆ ತಪ್ಪನ್ನು ತೋರಿಸುವ ಅಧಿಕಾರ ಜಾಲದ ಪ್ರತಿಯೊಂದು ಕಿಟಕಿಗೂ ಇರಲಿ. ಖರೀದಿ ಕೇಂದ್ರದಲ್ಲಿ ತಪ್ಪು ಕಂಡರೆ ಅರ್ಜಿ ಅಲ್ಲಿಂದಲೇ ತಹಶೀಲ್ದಾರರಿಗೆ ಹೋಗಲಿ. ದಿನಾಂಕವಿರುವ ಸ್ವೀಕೃತಿ ಚೀಟಿ ಅಲ್ಲಿಯ ಮುದ್ರಕದಿಂದಲೇ ರೈತನ ಕೈಗೆ ಬರಲಿ. ತೀರ್ಮಾನವಾಗುವವರೆಗೆ ಅವನ ಸರದಿ ರದ್ದಾಗದಿರಲಿ. ಕಡತವನ್ನು ಹೊತ್ತು ತರುವ ತಂತಿಗೆ ರೈತನ ಅಹವಾಲನ್ನು ಹೊತ್ತೊಯ್ಯುವುದು ಭಾರವಾಗಲಾರದು.