ರೂಪಾಯಿ ಚಿಹ್ನೆ ಎಲ್ಲಿ ಹೋಯಿತು?

ಮಕ್ಕಳೇ, ನೋಟಿನ ಮೇಲೆ, ಅಂಗಡಿಯ ಬಿಲ್ಲಿನಲ್ಲಿ ದಿನಾ ಕಾಣುವ ₹ ಚಿಹ್ನೆಗೆ ವಯಸ್ಸೆಷ್ಟು, ಹೇಳಿ ನೋಡೋಣ? ನಾನು ಬ್ಯಾಂಕಿನ ಲೆಡ್ಜರ್ ಬರೆಯಲು ಕುಳಿತ ಕಾಲದಲ್ಲಿ ಅದು ಹುಟ್ಟಿಯೇ ಇರಲಿಲ್ಲ. ಡಿ. ಉದಯಕುಮಾರ್ ರಚಿಸಿದ ಈ ಚಿಹ್ನೆಗೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದು 2010ರ ಜುಲೈ 15ರಂದು.

ಚಿಹ್ನೆಯೇನೋ ಬಂತು, ಆದರೆ ಕಂಪ್ಯೂಟರುಗಳಿಗೆ ಅದರ ಪರಿಚಯವೇ ಇರಲಿಲ್ಲ. ಅದೇ ಜುಲೈನಲ್ಲಿ ನಮ್ಮ ಮಂಗಳೂರಿನ ಫೋರೇಡಿಯನ್ ಟೆಕ್ನಾಲಜೀಸ್ ಒಂದು ಫಾಂಟ್ ಮಾಡಿ ಉಚಿತವಾಗಿ ಹಂಚಿತು. ಫಾಂಟ್ ಎಂದರೆ ಅಕ್ಷರಗಳ ಅಚ್ಚಿನ ಪೆಟ್ಟಿಗೆ. ಕೀಲಿಮಣೆಯಲ್ಲಿ ಟ್ಯಾಬ್ ಕೀಲಿಯ ಮೇಲೆ ಒಂದು ಪುಟ್ಟ ಓರೆಗೆರೆ ಇದೆಯಲ್ಲ, ಅದರ ಜಾಗದಲ್ಲಿ ಅವರು ರೂಪಾಯಿಯನ್ನು ಕೂರಿಸಿದರು. ಜಾಣ ಉಪಾಯ!

ತೊಡಕಿದ್ದದ್ದು ಬರೆದ ಕಡತ ಬೇರೆ ಕಂಪ್ಯೂಟರಿಗೆ ಹೋದಾಗ. ಆ ಫಾಂಟ್ ಅಲ್ಲಿ ಇಲ್ಲದಿದ್ದರೆ ರೂಪಾಯಿ ಮಾಯವಾಗಿ, 500ರ ಹಿಂದೆ ಬರೀ ಓರೆಗೆರೆ ನಿಲ್ಲುತ್ತಿತ್ತು. ಕಂಪ್ಯೂಟರ್ ‘ತಪ್ಪಾಗಿದೆ’ ಎನ್ನುತ್ತಲೂ ಇರಲಿಲ್ಲ. ಕಳಿಸಿದವರಿಗೆ ಎಲ್ಲ ಸರಿ, ಓದುವವರಿಗೆ ಒಗಟು!

2010ರ ಅಕ್ಟೋಬರಿನಲ್ಲಿ ಬಂದ ಯುನಿಕೋಡ್ 6.0 ಆವೃತ್ತಿ ರೂಪಾಯಿಗೆ ಅದರದೇ ಸಂಖ್ಯೆ ಕೊಟ್ಟಿತು. ಯುನಿಕೋಡ್ ಎಂದರೆ ಜಗತ್ತಿನ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಪಟ್ಟಿ, ಶಾಲೆಯ ಹಾಜರಿ ಪುಸ್ತಕದ ಹಾಗೆ. ಅದಾದ ಮೇಲೆ, ಹೊಸ ಫಾಂಟ್ ಇಲ್ಲದ ಹಳೆಯ ಕಂಪ್ಯೂಟರಿನಲ್ಲಿ ರೂಪಾಯಿಯ ಬದಲು ಖಾಲಿ ಚೌಕ ಕಾಣತೊಡಗಿತು. ನನ್ನನ್ನು ಕೇಳಿದರೆ ಆ ಚೌಕವೇ ವಾಸಿ. ಅದು ‘ಇದು ನನ್ನ ಹತ್ತಿರ ಇಲ್ಲ’ ಎಂದು ಪ್ರಾಮಾಣಿಕವಾಗಿ ಹೇಳುತ್ತದೆ. ಓರೆಗೆರೆ ಹಾಗಲ್ಲ, ಸುಮ್ಮನೆ ಬೇರೆಯದನ್ನು ತೋರಿಸಿಬಿಡುತ್ತದೆ. ಹಣದ ಲೆಕ್ಕದಲ್ಲಿ ಕೂಗುವ ತಪ್ಪಿಗಿಂತ ಮೌನವಾಗಿರುವ ತಪ್ಪು ಅಪಾಯ.

ನಮ್ಮ ಕಾಡುಗೋಡಿ ಮೆಟ್ರೊದಲ್ಲಿ ಇಳಿದು ಕಚೇರಿಗೆ ಓಡುವ ತಂತ್ರಾಂಶದ ಅಣ್ಣ ಅಕ್ಕಂದಿರಿಗೂ ಇದೇ ತಲೆನೋವು. ತಂತ್ರಾಂಶ ಬರೆದ ಕಂಪ್ಯೂಟರಿನಲ್ಲಿ ಒಂದು ಬಿಡಿಭಾಗದ 5ನೇ ಆವೃತ್ತಿ ಇರುತ್ತದೆ, ಅದು ಓಡಬೇಕಾದ ಕಂಪ್ಯೂಟರಿನಲ್ಲಿ 3ನೆಯದು. ಇಲ್ಲಿ ಓಡಿದ್ದು ಅಲ್ಲಿ ಮುಗ್ಗರಿಸುತ್ತದೆ. ಅದಕ್ಕೆ ಮೂರು ಮದ್ದು. ಒಂದು, ಯಾವ ಬಿಡಿಭಾಗ, ಎಷ್ಟನೇ ಆವೃತ್ತಿ ಎಂದು ಪಟ್ಟಿ ಬರೆದಿಡುವುದು. ಎರಡು, ಬೇಕಾದ ಬಿಡಿಭಾಗವನ್ನು ಬುತ್ತಿಯ ಹಾಗೆ ಜೊತೆಗೇ ಕಟ್ಟಿ ಕಳಿಸುವುದು. ಮೂರು, ಹೋಗಿ ಸೇರುವ ಕಂಪ್ಯೂಟರಿನಂಥದ್ದರಲ್ಲೇ ಮೊದಲು ಓಡಿಸಿ ನೋಡುವುದು.

ಬುತ್ತಿಯ ಉಪಾಯ ನಮಗೂ ಆದೀತು. ಕಡತವನ್ನು ಪಿಡಿಎಫ್ ಮಾಡಿದರೆ ಸಾಮಾನ್ಯವಾಗಿ ಫಾಂಟ್ ಕೂಡ ಅದರೊಳಗೇ ಹೋಗುತ್ತದೆ.

ಈ ವಾರದ ಮನೆಗೆಲಸ: ತೀರ ಹೊಸದೊಂದು ಎಮೋಜಿಯನ್ನು ಅಜ್ಜಿಯ ಹಳೆಯ ಫೋನಿಗೆ ಕಳಿಸಿ. ಖಾಲಿ ಚೌಕ ಬಂತೇ? ಕಾರಣವನ್ನು ಈಗ ಅಜ್ಜಿಗೆ ನೀವೇ ಹೇಳಿ. ಅಜ್ಜಂದಿರೇ, ಮೊಮ್ಮಕ್ಕಳು ಹೇಳುವಾಗ ನಡುವೆ ಬಾಯಿ ಹಾಕಬೇಡಿ!