ಹಾಸ್ಟೆಲ್ ಮುಗಿದ ಮೇಲೆ, ಮದುವೆಗೆ ಮುಂಚೆ

ಬೆಂಗಳೂರಿನ ಬಾಡಿಗೆ, ಅಡ್ವಾನ್ಸು, ಪಿಜಿಯ ನೀರು ಸಾಂಬಾರು... ಇದರ ಬಗ್ಗೆ ನಾವೆಲ್ಲ ಬೇಕಾದಷ್ಟು ಗೋಳಾಡಿದ್ದೀವಿ. ನಾನೂ ಸೇರಿ :) ಆದ್ರೆ ಉಲ್ಟಾ ದಿಕ್ಕಿನಲ್ಲಿ ಹೋಗೋರ ಕತೆ ಯಾರೂ ಬರೆಯಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇಂಥ ಊರುಗಳಿಗೆ ಕೆಲಸ ಸಿಕ್ಕಿ ಬರೋ ಇಪ್ಪತ್ತೈದರ ಹುಡುಗ ಹುಡುಗಿಯರು ಎಲ್ಲಿ ಇರ್ತಾರೆ? ಬ್ಯಾಂಕ್ ಕ್ಲರ್ಕು, ಸ್ಟಾಫ್ ನರ್ಸು, ಅತಿಥಿ ಉಪನ್ಯಾಸಕರು, ತಾಲ್ಲೂಕು ಕಚೇರಿಯ ಎಫ್‌ಡಿಎ?

ನಮ್ಮ ಚಿಕ್ಕಪ್ಪನ ಮಗಳಿಗೆ ಜಗಳೂರಿಗೆ ಪೋಸ್ಟಿಂಗ್ ಆದಾಗ ರೂಮು ಹುಡುಕೋಕೆ ಒಂದು ಭಾನುವಾರ ನಾನೂ ಜೊತೆಗಿದ್ದೆ. ಈ ಊರುಗಳಲ್ಲಿ 'ಬಾಡಿಗೆಗಿದೆ' ಅಂತ ಬೋರ್ಡು ಹಾಕೋದು ಕಮ್ಮಿ. ಎಲ್ಲ ಬಾಯಿಂದ ಬಾಯಿಗೆ. ಕಿರಾಣಿ ಅಂಗಡಿಯವರು ಕೈ ತೋರಿಸಬೇಕು, ಮನೆಯವರು ಗೇಟಲ್ಲೇ ನಿಲ್ಲಿಸಿ ಮಾತಾಡಿಸಬೇಕು. ಮೊದಲ ಪ್ರಶ್ನೆ "ಫ್ಯಾಮಿಲಿನಾ?" ಎರಡನೇದು "ಯಾವ ಪೈಕಿ?" ಸಂಬಳ ಎಷ್ಟು ಅಂತ ಕೇಳಿದ್ದು ಆಮೇಲೆ. ಅವಳಿಗೆ ಸಾಯಂಕಾಲದೊಳಗೆ ರೂಮು ಸಿಕ್ತು, ಯಾಕಂದ್ರೆ ಎರಡನೇ ಪ್ರಶ್ನೆಗೆ ಅವಳ ಹತ್ರ ಅವರಿಗೆ ಬೇಕಾದ ಉತ್ತರ ಇತ್ತು. ಅದೇ ಆಫೀಸಿನ, ಅದೇ ದರ್ಜೆಯ, ಅದೇ ಸಂಬಳದ ಇನ್ನೊಬ್ಬ ಹುಡುಗಿಗೆ ಸಿಗಲಿಲ್ಲ. ಅವಳು ದಿನಾ ದಾವಣಗೆರೆಯಿಂದ ಬಸ್ಸಲ್ಲಿ ಬರ್ತಾಳೆ. ಯಾರೂ ಬಾಯಿಬಿಟ್ಟು "ಕೊಡಲ್ಲ" ಅನ್ನಲ್ಲ. "ಈಗಷ್ಟೇ ಬೇರೆಯವರಿಗೆ ಹೇಳಿಬಿಟ್ವಿ" ಅಂತಾರೆ.

ಸಂವಿಧಾನದ 15(2)ನೇ ವಿಧಿ ಓದಿ ನೋಡಿ. ಜಾತಿ ಕಾರಣಕ್ಕೆ ಯಾರನ್ನೂ ತಡೆಯಬಾರದ ಜಾಗಗಳ ಪಟ್ಟಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಲ್ಲ ಇವೆ. ಬಾಡಿಗೆ ಮನೆ ಅಂತ ಇಲ್ಲ. ಸೂಳೆಕೆರೆ ನೀರಿಗೆ ಯಾರು ಬೇಕಾದ್ರೂ ಇಳೀಬಹುದು, ಚನ್ನಗಿರಿಯಲ್ಲಿ ಅಡಿಕೆ ದುಡ್ಡಲ್ಲಿ ಎದ್ದ ಮನೆಯ ಖಾಲಿ ಮಹಡಿ ಹತ್ತೋದು ಮಾತ್ರ ಮಾಲೀಕರ ಮರ್ಜಿ.

ನನಗೆ ಇನ್ನೂ ವಿಚಿತ್ರ ಅನ್ನಿಸೋದು ಸರ್ಕಾರದ ಲೆಕ್ಕ. ಬಡ ಮನೆಯ ಹುಡುಗನಿಗೆ ಓದುವಾಗ ಬಿಸಿಎಂ ಹಾಸ್ಟೆಲ್ಲೋ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್ಲೋ ಇದೆ. ಸೀಟು ಸಿಗದವರಿಗೆ 2013ರಲ್ಲಿ ವಿದ್ಯಾಸಿರಿ ಬಂತು, ಶುರುವಿನಲ್ಲಿ ತಿಂಗಳಿಗೆ 1500 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು. ಒಳ್ಳೆ ಯೋಜನೆ. ಆಮೇಲೆ ಮದುವೆಯಾಗಿ ಸಂಸಾರ ಅಂತ ಆದ್ರೆ ಬಸವ ವಸತಿ, ಪ್ರಧಾನಮಂತ್ರಿ ಆವಾಸ್ ಅಂತ ಇವೆ. ಆವಾಸ್ ಯೋಜನೆಯಲ್ಲಿ ಕುಟುಂಬ ಅಂದ್ರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಅಂದ್ರೆ ಮದುವೆಯಾಗದವನು ಅಪ್ಪನ ಮನೆಯಲ್ಲೇ ಇರ್ತಾನೆ ಅಂತ ಲೆಕ್ಕ. ಡಿಗ್ರಿಗೂ ಮದುವೆಗೂ ನಡುವಿನ ಐದಾರು ವರ್ಷ, ಅಪ್ಪನ ಮನೆ ನೂರಾರು ಕಿಲೋಮೀಟರ್ ದೂರದಲ್ಲಿದ್ರೆ? ಅದಕ್ಕೆ ಬಸ್ಸಿದೆ!

ತಮಾಷೆ ಅಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಇಂಥ ಎಷ್ಟೋ ಹುಡುಗಿಯರಿಗೆ ಅದೇ ವಸತಿ ಯೋಜನೆ. ಆದ್ರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮ ಹೊನ್ನಾಳಿ ಚನ್ನಗಿರಿ ರೂಟಲ್ಲಿ ಪ್ರೈವೇಟ್ ಬಸ್ಸುಗಳದ್ದೇ ದರ್ಬಾರು. ಇನ್ನೊಂದು ಕಡೆ ನೌಕರರು ಕೇಂದ್ರ ಸ್ಥಾನದಲ್ಲೇ ವಾಸ ಮಾಡಬೇಕು ಅಂತ ಆಗಾಗ ಸುತ್ತೋಲೆ ಬರುತ್ತೆ. ಎಲ್ಲಿ ಸ್ವಾಮಿ? ನ್ಯಾಮತಿಯನ್ನೇ ನೋಡಿ. ಹೊನ್ನಾಳಿಗೆ ಸೇರಿದ್ದ ಊರು, 2017ರ ಬಜೆಟ್ಟಲ್ಲಿ ತಾಲ್ಲೂಕು ಅಂತ ಘೋಷಣೆ ಆಯ್ತು. ತಾಲ್ಲೂಕು ಅಂದ್ಮೇಲೆ ಕಚೇರಿ, ಕುರ್ಚಿ, ಹುದ್ದೆ. ಕುರ್ಚಿ ಮೇಲೆ ಕೂರೋ ಒಂಟಿ ಜೀವ ರಾತ್ರಿ ಎಲ್ಲಿ ಮಲಗುತ್ತೆ ಅನ್ನೋದು ಯಾರ ಫೈಲಿನಲ್ಲೂ ಇಲ್ಲ.

ಮಾಲೀಕರ ಭಯ ಪೂರ್ತಿ ಸುಳ್ಳು ಅನ್ನಲ್ಲ. ಹುಡುಗರು ಕುಡಿದು ಗಲಾಟೆ ಮಾಡ್ತಾರೆ, ಬಾಡಿಗೆ ಬಾಕಿ ಇಟ್ಟು ಓಡಿಹೋಗ್ತಾರೆ, ಇದೆಲ್ಲ ಆಗಿದೆ. ಅದಕ್ಕೆ ಅಡ್ವಾನ್ಸು, ಕರಾರು ಪತ್ರ ಇವೆಯಲ್ಲ. ಕುಡಿತಕ್ಕೂ 'ಪೈಕಿ'ಗೂ ಸಂಬಂಧ ಏನು ಅಂತ ನನಗಂತೂ ಅರ್ಥ ಆಗಿಲ್ಲ.

ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್ ಯೋಜನೆ ಕೇಂದ್ರದಲ್ಲಿ 1972-73ರಿಂದ ಇದೆ, ಈಗ ಅದರ ಹೆಸರು ಸಖಿ ನಿವಾಸ. ಹೆಣ್ಣುಮಕ್ಕಳಿಗೆ ಕೆಲಸ ಇದ್ದರೆ ಹಳ್ಳಿ ಕಡೆಯೂ ನಡೆಸಬಹುದು ಅಂತ ನಿಯಮದಲ್ಲೇ ಇದೆ. ಅದಕ್ಕೆ ಕಾಯೋದು ಬೇಡ ಅಂದ್ರೆ ಇನ್ನೂ ಸುಲಭದ ದಾರಿ ಒಂದಿದೆ. ಪುರಸಭೆ, ಪಟ್ಟಣ ಪಂಚಾಯಿತಿಯವರು ಬಸ್ ಸ್ಟ್ಯಾಂಡ್ ಹತ್ರ ಮಳಿಗೆ ಕಟ್ಟಿ ಹರಾಜು ಹಾಕ್ತಾರಲ್ಲ, ಅದರ ಮೇಲೆ ಇನ್ನೊಂದು ಮಹಡಿ ಎಬ್ಬಿಸಿ ಹತ್ತು ಹನ್ನೆರಡು ರೂಮು ಮಾಡ್ಲಿ. ಪುಕ್ಕಟೆ ಬೇಡ, ತಿಂಗಳ ಬಾಡಿಗೆ ತಗೊಳ್ಲಿ. ನೇಮಕಾತಿ ಪತ್ರ ತೋರಿಸಿದವರಿಗೆ ಸರತಿ ಪ್ರಕಾರ ಬೀಗದ ಕೈ. ಅರ್ಜಿಯಲ್ಲಿ ಹೆಸರು, ಕೆಲಸ, ಫೋನ್ ನಂಬರ್ ಇದ್ರೆ ಸಾಕು, ಜಾತಿ ಕಾಲಂ ಬೇಡ.

ನಿಮ್ಮ ತಾಲ್ಲೂಕಲ್ಲಿ ಯಾರಾದ್ರೂ ಇಂಥದ್ದು ಮಾಡಿದ್ದಾರಾ? ಗೊತ್ತಿದ್ರೆ ಹೇಳಿ, ನಮ್ಮೂರಿನ ಸದಸ್ಯರೊಬ್ಬರಿಗೆ ತೋರಿಸಬೇಕು.